ರಂಗಪ್ರವೇಶದ ಮರುದಿನಕ್ಕೊಂದು ವೇದಿಕೆ ಕೊಡಿ

ತುಮಕೂರು ಜಿಲ್ಲಾಧಿಕಾರಿಗಳಿಗೆ, ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಜಿಲ್ಲಾ ಅಧಿಕಾರಿಗಳಿಗೆ, ಮಹಾನಗರ ಪಾಲಿಕೆಯ ಆಯುಕ್ತರಿಗೆ ಹಾಗೂ ಈ ಊರಿನ ನೃತ್ಯಪ್ರಿಯರೆಲ್ಲರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಹೋದ ವರ್ಷ ನನ್ನ ಶಿಷ್ಯೆಯೊಬ್ಬಳ ಭರತನಾಟ್ಯ ರಂಗಪ್ರವೇಶ, ಅಂದರೆ ಮೊದಲ ಪೂರ್ಣ ಏಕವ್ಯಕ್ತಿ ಪ್ರದರ್ಶನವಾಯಿತು. ಹನ್ನೊಂದು ವರ್ಷ ಕಲಿತ ಹುಡುಗಿ. ಪುಷ್ಪಾಂಜಲಿಯಿಂದ ತಿಲ್ಲಾನದವರೆಗೆ ಎರಡೂವರೆ ಗಂಟೆ ಒಬ್ಬಳೇ ರಂಗವನ್ನು ತುಂಬಿದಳು. ನಡುವಿನ ದೀರ್ಘ ನೃತ್ಯವಾದ ವರ್ಣ ಮುಗಿದಾಗ ಮುಂದಿನ ಸಾಲಿನಲ್ಲಿದ್ದ ಅವಳ ಅಜ್ಜಿ ಎದ್ದು ನಿಂತುಬಿಟ್ಟರು. ಮರುದಿನ ಬೆಳಿಗ್ಗೆ ಅವಳು ಹೂವು ಹಣ್ಣು ಹಿಡಿದು ನಮ್ಮ ಮನೆಗೆ ಬಂದಳು, ನಮಸ್ಕರಿಸಿದಳು, ಆಮೇಲೆ ಮೆಟ್ಟಿಲ ಮೇಲೆ ಕುಳಿತು ಕೇಳಿದಳು: “ಮಿಸ್, ಇನ್ನು ಮುಂದೆ ಎಲ್ಲಿ ಕುಣಿಯುವುದು?”

ನನಗೆ ಉತ್ತರ ಹೊಳೆಯಲಿಲ್ಲ. ಇಪ್ಪತ್ತಾರು ವರ್ಷಗಳಿಂದ ತುಮಕೂರಿನಲ್ಲಿ ನೃತ್ಯ ಕಲಿಸುತ್ತಿದ್ದೇನೆ. ನನ್ನ ಕೈಯಲ್ಲಿ ಕಲಿತ ಹದಿನಾಲ್ಕು ಮಕ್ಕಳು ರಂಗಪ್ರವೇಶ ಮಾಡಿದ್ದಾರೆ. ಅವರಲ್ಲಿ ಇಂದಿಗೂ ಕುಣಿಯುತ್ತಿರುವವರು ಇಬ್ಬರು, ಆ ಇಬ್ಬರೂ ಬೆಂಗಳೂರು ಸೇರಿದ್ದಾರೆ. ಉಳಿದವರ ಗೆಜ್ಜೆ ಅಟ್ಟದ ಮೇಲಿದೆ. ಮದುವೆ, ಕೆಲಸ, ಓದು ಎಂದು ಕಾರಣ ಹೇಳುತ್ತೇವೆ. ನಿಜವಾದ ಕಾರಣ ಅದಕ್ಕಿಂತ ಸರಳ. ನಮ್ಮಂಥ ಊರುಗಳಲ್ಲಿ ನೃತ್ಯಕ್ಕೆ ಒಂದು ಆರಂಭವಿದೆ, ದೂರದಲ್ಲಿ ಎಲ್ಲೋ ಒಂದು ಶಿಖರವೂ ಕಾಣುತ್ತದೆ, ನಡುವಿನ ದಾರಿ ಮಾತ್ರ ಇಲ್ಲ. ಇಡೀ ಸಂಜೆಯನ್ನು ಒಬ್ಬರೇ ಹೊತ್ತು ನಡೆಸಬೇಕು, ಇಲ್ಲವೇ ಯಾವುದೋ ಸಮಾರಂಭದ ಮೊದಲು ಐದು ನಿಮಿಷ ಸ್ವಾಗತ ನೃತ್ಯ ಮಾಡಬೇಕು. ಹತ್ತೊಂಬತ್ತು ವರ್ಷದ ಕಲಾವಿದೆಗೆ ಬೇಕಾದದ್ದು ಇವೆರಡೂ ಅಲ್ಲ. ಅವಳಿಗೆ ಬೇಕಾದದ್ದು ಇಪ್ಪತ್ತು ನಿಮಿಷ, ಒಳ್ಳೆಯ ನೆಲ, ಸರಿಯಾದ ಬೆಳಕು, ಮತ್ತು ಅದೇ ಸಂಜೆ ಅದೇ ರಂಗದ ಮೇಲೆ ತನಗಿಂತ ಮೂವತ್ತು ವರ್ಷ ಮುಂದಿರುವ ಒಬ್ಬರು.

ಇಂಥ ಸಂಜೆಗೆ ಬ್ಯಾಲೆಯ ಲೋಕದಲ್ಲಿ ಒಂದು ಹೆಸರಿದೆ: ‘ಮಿಕ್ಸ್‌ಡ್ ಬಿಲ್’. ಒಂದೇ ಕಥೆಯನ್ನು ಮೂರು ಅಂಕಗಳಲ್ಲಿ ಹೇಳುವ ದೊಡ್ಡ ಬ್ಯಾಲೆಯ ಬದಲು ಮೂರೋ ನಾಲ್ಕೋ ಸಣ್ಣ ಕೃತಿಗಳು. ಒಂದೊಂದೂ ಹದಿನೈದರಿಂದ ನಲವತ್ತು ನಿಮಿಷ. ಒಂದೊಂದಕ್ಕೂ ಬೇರೆ ನೃತ್ಯ ಸಂಯೋಜಕರು, ಬೇರೆ ಸಂಗೀತ, ಬೇರೆ ಮನೋಧರ್ಮ. ಮೊದಲ ಕೃತಿಯಲ್ಲಿ ಹೊಸಬರು ಸಾಲುಗಟ್ಟಿ ಬರಬಹುದು, ಎರಡನೆಯದರಲ್ಲಿ ಇಬ್ಬರೇ ಹಿರಿಯರು ಇರಬಹುದು, ಮೂರನೆಯದರಲ್ಲಿ ಎಲ್ಲರೂ ಬೆರೆಯಬಹುದು. ನೋಡುವವರಿಗೆ ಒಂದು ಕೃತಿ ಹಿಡಿಸದಿದ್ದರೆ ಇನ್ನೊಂದು ಹಿಡಿಸುತ್ತದೆ. ಕುಣಿಯುವವರಿಗಂತೂ ಇಡೀ ರಾತ್ರಿಯ ಭಾರ ಒಬ್ಬರ ಹೆಗಲ ಮೇಲೆ ಬೀಳುವುದಿಲ್ಲ.

ಕರಾವಳಿಯ ಯಕ್ಷಗಾನದವರಲ್ಲಿ ಇದಕ್ಕೆ ಹತ್ತಿರವಾದ ಎರಡು ಮಾತುಗಳಿವೆ. ಎರಡು ಮೇಳಗಳು ಅಕ್ಕಪಕ್ಕದ ರಂಗಸ್ಥಳಗಳಲ್ಲಿ ಒಂದೇ ಪ್ರಸಂಗವನ್ನು ಪೈಪೋಟಿಗೆ ಬಿದ್ದು ಆಡಿದರೆ ಅದು ಜೋಡಾಟ. ಎರಡು ಮೇಳಗಳ ಕಲಾವಿದರು ಒಂದೇ ರಂಗಸ್ಥಳದಲ್ಲಿ ಕೂಡಿ ಆಡಿದರೆ ಅದು ಕೂಡಾಟ. ನಮ್ಮ ಊರಿನ ಮಕ್ಕಳಿಗೆ ನಾವು ಕೊಟ್ಟಿರುವುದೆಲ್ಲ ಜೋಡಾಟ. ಅಂತರಶಾಲಾ ಸ್ಪರ್ಧೆ, ಪ್ರತಿಭಾ ಕಾರಂಜಿ, ಯುವಜನೋತ್ಸವ, ಮೊದಲ ಬಹುಮಾನ, ಸಮಾಧಾನಕರ ಬಹುಮಾನ. ಅದಕ್ಕೂ ಅದರದೇ ಜಾಗವಿದೆ, ನಾನೂ ಮಕ್ಕಳನ್ನು ಕಳುಹಿಸುತ್ತೇನೆ. ಆದರೆ ವರ್ಷಕ್ಕೊಂದು ಕೂಡಾಟವಾದರೂ ಬೇಡವೇ?

ಬ್ಯಾಲೆಯ ಚರಿತ್ರೆಯಿಂದ ಎರಡು ಮೂರು ಸಂಗತಿಗಳನ್ನು ಹೇಳುತ್ತೇನೆ. ಈ ಕಲೆ ಯುರೋಪಿನ ಅರಮನೆಗಳಲ್ಲಿ ಬೆಳೆದದ್ದು. ಫ್ರಾನ್ಸಿನ ಹದಿನಾಲ್ಕನೇ ಲೂಯಿ 1661ರಲ್ಲಿ ನೃತ್ಯಕ್ಕೆಂದೇ ಅಕಾಡೆಮಿ ಸ್ಥಾಪಿಸಿದ. ಹತ್ತೊಂಬತ್ತನೇ ಶತಮಾನದ ರಷ್ಯಾದಲ್ಲಿ ಅದು ಬೃಹತ್ ಕಥಾರೂಪ ಪಡೆಯಿತು. ಹಂಸಗಳ ಸರೋವರದ ಪ್ರಸಿದ್ಧ ಕಥೆ ಮಾಸ್ಕೋದಲ್ಲಿ ಮೊದಲು ರಂಗಕ್ಕೆ ಬಂದದ್ದು 1877ರಲ್ಲಿ. ಅದಾಗಿ ಏಳು ವರ್ಷಕ್ಕೆ, 1884ರಲ್ಲಿ, ನಮ್ಮ ಗುಬ್ಬಿಯಲ್ಲಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ ಹುಟ್ಟಿತು. ಆ ಹೊತ್ತಿನಲ್ಲಿ ಎರಡೂ ಕಡೆ ರಂಗವೆಂದರೆ ವೈಭವ, ರಾತ್ರಿ ಪೂರ್ತಿ ಒಂದೇ ಕಥೆ.

ಈ ಅಚ್ಚನ್ನು ಮುರಿದವರು ಸೆರ್ಗೈ ದ್ಯಾಗಿಲೆವ್. 1909ರಲ್ಲಿ ಅವರು ರಷ್ಯಾದ ನರ್ತಕರ ತಂಡವನ್ನು ಪ್ಯಾರಿಸ್ಸಿಗೆ ಕರೆದೊಯ್ದಾಗ ಒಂದೇ ಸಂಜೆಗೆ ಹಲವು ಸಣ್ಣ ಕೃತಿಗಳನ್ನು ಪೋಣಿಸಿದರು. ಆ ತಂಡದಲ್ಲಿ ಆಗಲೇ ಹೆಸರು ಮಾಡಿದ್ದ ಅನ್ನಾ ಪಾವ್ಲೋವಾ ಇದ್ದರು, ಇಪ್ಪತ್ತರ ಆಸುಪಾಸಿನ ವಾಸ್ಲಾವ್ ನಿಜಿನ್ಸ್ಕಿಯೂ ಇದ್ದರು. ಯಾರು ಹಿರಿಯರು, ಯಾರು ಕಿರಿಯರು ಎಂಬುದನ್ನು ಜಾಹೀರಾತಿನ ಅಕ್ಷರದ ಗಾತ್ರ ಹೇಳುತ್ತಿತ್ತು, ರಂಗ ಹೇಳುತ್ತಿರಲಿಲ್ಲ.

ನನಗೆ ಬಹಳ ಪ್ರಿಯವಾದ ಕಥೆ ಇನ್ನೊಂದು. ರಷ್ಯಾದಿಂದ ಅಮೆರಿಕಕ್ಕೆ ಬಂದ ಜಾರ್ಜ್ ಬ್ಯಾಲಂಚೀನ್ 1934ರಲ್ಲಿ ಅಲ್ಲಿ ತಮ್ಮ ಮೊದಲ ಬ್ಯಾಲೆಯನ್ನು ಕಟ್ಟಿದರು. ಚೈಕೊವ್‌ಸ್ಕಿಯ ತಂತಿವಾದ್ಯಗಳ ಸಂಗೀತ, ‘ಸೆರೆನೇಡ್’ ಎಂದು ಹೆಸರು. ಕೈಯಲ್ಲಿದ್ದವರು ಹೊಸದಾಗಿ ತೆರೆದ ಶಾಲೆಯ ವಿದ್ಯಾರ್ಥಿಗಳು. ಮೊದಲ ದಿನ ತರಗತಿಗೆ ಬಂದ ಹುಡುಗಿಯರು ಹದಿನೇಳು ಜನ, ಆದ್ದರಿಂದ ಹದಿನೇಳು ಜನರಿಗೇ ವಿನ್ಯಾಸ ಹಾಕಿದರು. ಒಂದು ದಿನ ಒಬ್ಬಳು ತಡವಾಗಿ ಬಂದಳು. ಆ ತಡವಾದ ಪ್ರವೇಶವನ್ನೇ ಕೃತಿಯೊಳಗೆ ಇಟ್ಟರು. ಇನ್ನೊಬ್ಬಳು ಕಾಲು ಜಾರಿ ಬಿದ್ದು ಅತ್ತಳು. ಆ ಬೀಳುವಿಕೆಯನ್ನೂ ಇಟ್ಟರು. ತೊಂಬತ್ತು ವರ್ಷ ಕಳೆದರೂ ಜಗತ್ತಿನ ದೊಡ್ಡ ದೊಡ್ಡ ಕಲಾವಿದೆಯರು ಆ ಕೃತಿಯಲ್ಲಿ ತಡವಾಗಿ ಬರುತ್ತಾರೆ, ಬೀಳುತ್ತಾರೆ. ಕಲಿಯುತ್ತಿರುವ ಮಕ್ಕಳ ತಪ್ಪು ಹೆಜ್ಜೆ ಒಂದು ಶ್ರೇಷ್ಠ ಕೃತಿಯ ಉಸಿರಾಯಿತು. ನಮ್ಮಲ್ಲಾಗಿದ್ದರೆ ಆ ಹುಡುಗಿಗೆ ಎರಡು ಅಂಕ ಕಡಿಮೆಯಾಗುತ್ತಿತ್ತು.

ಹಾಲೆಂಡಿನಲ್ಲಿ ಯಿರಿ ಕೀಲಿಯಾನ್ ಎಂಬ ಸಂಯೋಜಕರು ಮುನ್ನಡೆಸಿದ ನೆದರ್ಲ್ಯಾಂಡ್ಸ್ ಡಾನ್ಸ್ ಥಿಯೇಟರ್ ಇದನ್ನು ಒಂದು ವ್ಯವಸ್ಥೆಯಾಗಿಯೇ ಕಟ್ಟಿತು. ಮುಖ್ಯ ತಂಡದ ಜೊತೆಗೆ 1978ರಲ್ಲಿ ಹರೆಯದ ನರ್ತಕರಿಗಾಗಿ ಎರಡನೆಯ ತಂಡ ಹುಟ್ಟಿತು. 1991ರಲ್ಲಿ ಮೂರನೆಯದು ಹುಟ್ಟಿತು, ನಲವತ್ತು ದಾಟಿದವರಿಗಾಗಿ. ನಲವತ್ತರ ನಂತರದ ದೇಹಕ್ಕೂ ಹೇಳಲು ಮಾತಿದೆ ಎಂದು ಒಂದು ಸಂಸ್ಥೆ ನಂಬಿತು, ಅದಕ್ಕೆಂದೇ ಹೊಸ ಕೃತಿಗಳನ್ನು ಬರೆಸಿತು. ನಾನು ಐವತ್ತು ದಾಟಿದವಳು. ಇದನ್ನು ಮೊದಲು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇದು ನಮಗೆ ಗೊತ್ತಿಲ್ಲದ ವಿಷಯವೇನಲ್ಲ. ಮೈಸೂರಿನ ಭರತನಾಟ್ಯ ಕಲಾವಿದೆ ಕೆ. ವೆಂಕಟಲಕ್ಷಮ್ಮನವರ ಅಭಿನಯದ ಬಗ್ಗೆ ಕೇಳಿ ಬೆಳೆದವರು ನಾವು. ವಯಸ್ಸಾದ ಮೇಲೂ ಅವರ ಒಂದು ಹುಬ್ಬಿನ ಚಲನೆಗೆ ಸಭೆ ಕಾಯುತ್ತಿತ್ತು ಎಂದು ನನ್ನ ಗುರುಗಳು ಹೇಳುತ್ತಿದ್ದರು.

ಈಗ ನಾನು ಕಣ್ಣಾರೆ ಕಂಡ ಒಂದು ಸಂಜೆ. ಕೆಲವು ವರ್ಷಗಳ ಹಿಂದೆ ಬೆಂಗಳೂರಿನಲ್ಲಿ ಇಂಥದೊಂದು ಮಿಶ್ರ ಕಾರ್ಯಕ್ರಮವಿತ್ತು. ನಾಲ್ಕು ಶಿಷ್ಯೆಯರನ್ನೂ ಒಬ್ಬ ಹುಡುಗನನ್ನೂ ಕರೆದುಕೊಂಡು ಮಧ್ಯಾಹ್ನದ ರೈಲಿಗೆ ಹೋದೆ. ಮೊದಲ ಕೃತಿಯಲ್ಲಿ ಹದಿನೆಂಟು ಇಪ್ಪತ್ತರ ಎಂಟು ಹುಡುಗ ಹುಡುಗಿಯರು ಬರಿಗಾಲಲ್ಲಿ ಕುಣಿದರು. ಓಟ, ನೆಗೆತ, ನೆಲಕ್ಕೆ ಉರುಳಿ ಮತ್ತೆ ಏಳುವುದು. ಬ್ಯಾಲೆಯ ನೇರ ಬೆನ್ನು, ಆದರೆ ನೆಲದ ಮೇಲಿನ ಪ್ರೀತಿ ನಮ್ಮದು. ಎರಡನೆಯ ಕೃತಿಯಲ್ಲಿ ಗಂಡು ಹೆಣ್ಣು ಇಬ್ಬರು. ಹೆಣ್ಣು ತುದಿಬೆರಳ ಮೇಲೆ ನಿಲ್ಲುವ ಬಿಗಿ ಪಾದರಕ್ಷೆ ತೊಟ್ಟಿದ್ದಳು. ಅವಳು ಒಂದು ಕಾಲನ್ನು ಮೇಲೆತ್ತುತ್ತಾ ಹೋದಂತೆ ನನ್ನ ಪಕ್ಕದ ಹುಡುಗಿ ತನಗರಿವಿಲ್ಲದೆ ಉಸಿರು ಹಿಡಿದಿದ್ದಳು. ಮೂರನೆಯದರಲ್ಲಿ ಒಬ್ಬರೇ, ಐವತ್ತೈದರ ಮೇಲಿನ ಒಬ್ಬ ಹೆಂಗಸು. ಹನ್ನೆರಡು ನಿಮಿಷದಲ್ಲಿ ಅವರು ರಂಗದ ಎಡಗಡೆಯಿಂದ ಬಲಗಡೆಗೆ ನಡೆದರು. ಎರಡು ಬಾರಿ ನಿಂತರು, ಒಮ್ಮೆ ಹಿಂದಕ್ಕೆ ನೋಡಿದರು. ಅಷ್ಟೇ. ಕೊನೆಯಲ್ಲಿ ಎಂಟು ಮಕ್ಕಳು ಅವರ ಹಿಂದೆ ಬಂದು ಅದೇ ನಡಿಗೆಯನ್ನು ಎತ್ತಿಕೊಂಡರು.

ಕೊನೆಯ ಬಸ್ಸಿನಲ್ಲಿ ಹಿಂತಿರುಗುವಾಗ ನೆಲಮಂಗಲದವರೆಗೆ ಯಾರೂ ಮಾತಾಡಲಿಲ್ಲ. ಡಾಬಸ್‌ಪೇಟೆ ದಾಟಿದ ಮೇಲೆ ಆ ಹುಡುಗ ಮೆಲ್ಲನೆ ಹೇಳಿದ: “ಮಿಸ್, ಆ ಅಮ್ಮ ಏನೂ ಮಾಡಲಿಲ್ಲ. ಆದರೂ ನಾನು ಕಣ್ಣು ತೆಗೆಯಲಿಲ್ಲ.” ಅದುವರೆಗೆ ಅವನಿಗೆ ನೃತ್ಯವೆಂದರೆ ಎಷ್ಟು ಸುತ್ತು ಸುತ್ತಬಲ್ಲೆ ಎಂಬ ಲೆಕ್ಕವಾಗಿತ್ತು. ಎರಡು ವರ್ಷ ನಾನು ಬಾಯಲ್ಲಿ ಹೇಳಿ ಕಲಿಸಲಾಗದ್ದನ್ನು ಒಂದು ಸಂಜೆ ಕಲಿಸಿತು. ಹೊಸಬರ ಬಳಿ ಮಾತ್ರ ಹೊಸಬರನ್ನು ಕೂರಿಸಿದರೆ ಈ ಪಾಠ ಆಗುವುದಿಲ್ಲ. ಹಿರಿಯರನ್ನು ಹಾರ ಹಾಕಿ ಮುಂದಿನ ಸಾಲಿನ ಸೋಫಾದಲ್ಲಿ ಕೂರಿಸಿದರೂ ಆಗುವುದಿಲ್ಲ.

ಈ ಮಾತನ್ನು ತುಮಕೂರಿಗೆ ಹೊರಗಿನಿಂದ ತಂದು ಹೇಳಬೇಕಾಗಿಲ್ಲ. ಗುಬ್ಬಿ ಇಲ್ಲಿಂದ ಇಪ್ಪತ್ತು ಕಿಲೋಮೀಟರ್. ವೀರಣ್ಣನವರು ಬಾಲನಟನಾಗಿಯೇ ಕಂಪನಿ ಸೇರಿದವರು, ಬೆಳೆದು ಅದರ ಒಡೆಯರಾದವರು. ಅವರ ಕಂಪನಿಯಲ್ಲಿ ಮಕ್ಕಳು ಪರದೆಯ ಪಕ್ಕದಲ್ಲಿ ನಿಂತು ಹಿರಿಯರ ಪಾತ್ರ ನೋಡುತ್ತಾ ಬೆಳೆದರು, ಅದೇ ರಾತ್ರಿ ಅದೇ ರಂಗಕ್ಕೆ ಸಣ್ಣ ಪಾತ್ರಗಳಲ್ಲಿ ನುಗ್ಗಿದರು. ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಜೊತೆ ಬಂದ ಮುತ್ತುರಾಜ ಎಂಬ ಹುಡುಗ ರಾಜ್‌ಕುಮಾರ್ ಆದದ್ದು ಆ ಕಂಪನಿಯ ನೆರಳಿನಲ್ಲಿ. ಅಲ್ಲಿಗೆ ಬಂದು ಸೇರಿದ ಇನ್ನೊಬ್ಬ ಹುಡುಗ ಬಿ.ವಿ. ಕಾರಂತರನ್ನು ವೀರಣ್ಣನವರೇ ಓದಲು ಕಾಶಿಗೆ ಕಳುಹಿಸಿದರು. ಕುರುಕ್ಷೇತ್ರ ನಾಟಕಕ್ಕೆ ಆನೆ ಕುದುರೆಗಳನ್ನು ರಂಗದ ಮೇಲೆ ತಂದ ಸಾಹಸವನ್ನು ಎಲ್ಲರೂ ನೆನೆಯುತ್ತಾರೆ. ನನಗೆ ಆನೆಗಿಂತ ದೊಡ್ಡದಾಗಿ ಕಾಣುವುದು ಪರದೆಯ ಪಕ್ಕದಲ್ಲಿ ನಿಂತಿದ್ದ ಆ ಹುಡುಗರು. ವೀರಣ್ಣನವರ ಹೆಸರಿನ ರಂಗಮಂದಿರ ನಮ್ಮ ನಗರದಲ್ಲಿದೆ. ಅಲ್ಲಿ ವರ್ಷಕ್ಕೊಂದು ಸಂಜೆ ಕಿರಿಯರೂ ಹಿರಿಯರೂ ಕೂಡಿ ಕುಣಿದರೆ ಅದು ವೀರಣ್ಣನವರಿಗೆ ಪರಕೀಯವಾಗಿ ಕಾಣುವುದಿಲ್ಲ ಎಂದು ನಂಬಿದ್ದೇನೆ.

“ಬ್ಯಾಲೆ ನಮ್ಮದಲ್ಲವಲ್ಲ” ಎಂದು ಕೇಳುವವರಿದ್ದಾರೆ. ಗೌರವದಿಂದಲೇ ಉತ್ತರಿಸುತ್ತೇನೆ. ಭಾರತದ ನೃತ್ಯ ಮತ್ತು ಬ್ಯಾಲೆಯ ನಂಟು ನೂರು ವರ್ಷ ಹಳೆಯದು. ಲಂಡನ್ನಿನಲ್ಲಿ ಚಿತ್ರಕಲೆ ಓದುತ್ತಿದ್ದ ಉದಯ ಶಂಕರರು 1923ರಲ್ಲಿ ಪಾವ್ಲೋವಾ ಜೊತೆ ರಾಧಾಕೃಷ್ಣರ ನೃತ್ಯ ಮಾಡಿ ನರ್ತಕರಾದರು. ಬ್ಯಾಲೆ ಕಲಿಯಲು ಹೊರಟಿದ್ದ ರುಕ್ಮಿಣೀ ದೇವಿಯವರಿಗೆ ನಿಮ್ಮ ನೆಲದ ನೃತ್ಯವನ್ನು ಹುಡುಕಿ ಎಂದವರು ಅದೇ ಪಾವ್ಲೋವಾ. ರುಕ್ಮಿಣೀ ದೇವಿ ಭರತನಾಟ್ಯ ಕಲಿತು 1936ರಲ್ಲಿ ಚೆನ್ನೈಯಲ್ಲಿ ಕಲಾಕ್ಷೇತ್ರ ಎಂಬ ನೃತ್ಯಶಾಲೆಯನ್ನು ಕಟ್ಟಿದರು. ಇಂದು ನಮ್ಮ ಬೀದಿ ಬೀದಿಯಲ್ಲಿ ಹುಡುಗಿಯರು ಭರತನಾಟ್ಯ ಕಲಿಯುತ್ತಿರುವ ಕಥೆಯ ಒಳಗೆ ಒಬ್ಬ ಬ್ಯಾಲೆ ಕಲಾವಿದೆಯ ಮಾತೂ ಸೇರಿದೆ. ಬೆಂಗಳೂರಿನ ರಾಮ್ ಗೋಪಾಲ್ 1960ರಲ್ಲಿ ಬ್ರಿಟನ್ನಿನ ಪ್ರಸಿದ್ಧ ಬ್ಯಾಲೆ ಕಲಾವಿದೆ ಅಲಿಸಿಯಾ ಮಾರ್ಕೋವಾ ಜೊತೆ ಕುಣಿದರು. ಬೆಂಗಳೂರಿನವರೇ ಆದ ಮಾಯಾ ರಾವ್ ಕಥಕ್ ಕಲಿತು, 1960ರ ದಶಕದಲ್ಲಿ ಮಾಸ್ಕೋಗೆ ಹೋಗಿ ನೃತ್ಯ ಸಂಯೋಜನೆಯನ್ನು ಓದಿ ಬಂದರು, ನೃತ್ಯ ಸಂಯೋಜನೆಯನ್ನೇ ಒಂದು ಪ್ರತ್ಯೇಕ ವಿದ್ಯೆಯಾಗಿ ಕಲಿಸಿದರು. ಇನ್ನು ಬ್ಯಾಲೆ ಎಂಬ ಪದವಂತೂ ಕನ್ನಡಕ್ಕೆ ಹೊಸದೇ ಅಲ್ಲ. ನೃತ್ಯರೂಪಕಗಳನ್ನು ನಮ್ಮ ಹಿರಿಯರು ಬ್ಯಾಲೆ ಎಂದೇ ಕರೆಯುತ್ತಿದ್ದರು. ಪ್ರಭಾತ್ ಕಲಾವಿದರ ಸಿಂಡ್ರೆಲಾ, ಕಿಂದರಿಜೋಗಿಗಳನ್ನು ನೋಡಲು ಅಪ್ಪ ಅಮ್ಮನ ಕೈ ಹಿಡಿದು ಹೋದವರು ಈ ಊರಿನಲ್ಲಿ ಇನ್ನೂ ಎಷ್ಟೋ ಜನರಿದ್ದಾರೆ.

ಕೊಡುಕೊಳ್ಳುವಿಕೆ ಇಂದಿಗೂ ನಿಂತಿಲ್ಲ. ಕಥಕ್ ಕಲಿತು ಬೆಳೆದ ಲಂಡನ್ನಿನ ಅಕ್ರಂ ಖಾನ್ 2014ರಲ್ಲಿ ಇಂಗ್ಲಿಷ್ ನ್ಯಾಷನಲ್ ಬ್ಯಾಲೆ ತಂಡಕ್ಕೆ ‘ಡಸ್ಟ್’ ಎಂಬ ಕೃತಿ ಮಾಡಿದರು. ಮೊದಲ ಮಹಾಯುದ್ಧವನ್ನು ನೆನೆಯುವ ಒಂದು ಮಿಶ್ರ ಸಂಜೆಗಾಗಿ ಮಾಡಿದ ಕೃತಿ ಅದು. ದೆಹಲಿಯ ಇ-ರಿಕ್ಷಾ ಚಾಲಕರೊಬ್ಬರ ಮಗ ಹದಿನೇಳನೇ ವಯಸ್ಸಿನಲ್ಲಿ ಬ್ಯಾಲೆ ಆರಂಭಿಸಿ 2020ರಲ್ಲಿ ಲಂಡನ್ನಿನ ಬ್ಯಾಲೆ ಶಾಲೆ ಸೇರಿದ. ಮುಂಬೈಯ ಬೆಸುಗೆ ಕೆಲಸಗಾರರೊಬ್ಬರ ಮಗನೂ, ಟ್ಯಾಕ್ಸಿ ಚಾಲಕರೊಬ್ಬರ ಮಗನೂ ಇದೇ ದಾರಿ ಹಿಡಿದರು. ಮುಂಬೈಯ ಆ ಇಬ್ಬರಿಗೆ ದಾರಿ ತೋರಿಸಿದ ಗುರು ಇಸ್ರೇಲಿನಿಂದ ಬಂದ ಯೆಹೂದಾ ಮಾವೋರ್. ಈ ಮಕ್ಕಳು ಮಹಾನಗರಗಳಲ್ಲಿ ಹುಟ್ಟಿದ್ದರಿಂದ ಗುರುವಿನ ಕಣ್ಣಿಗೆ ಬಿದ್ದರು. ಶಿರಾದಲ್ಲೋ ಮಧುಗಿರಿಯಲ್ಲೋ ಪಾವಗಡದಲ್ಲೋ ಅಂಥ ಮಗುವಿದ್ದರೆ ಅದು ಯಾರ ಕಣ್ಣಿಗೆ ಬೀಳಬೇಕು?

ನಮ್ಮ ಜಿಲ್ಲೆಗೆ ನೃತ್ಯ ಎಷ್ಟು ಹಳೆಯದು ಎಂದು ತಿಳಿಯಲು ತಿಪಟೂರು ತಾಲ್ಲೂಕಿನ ಅರಳಗುಪ್ಪೆಗೆ ಹೋಗಬೇಕು. ಅಲ್ಲಿನ ಕಲ್ಲೇಶ್ವರ ದೇವಸ್ಥಾನದ ಛಾವಣಿಯಲ್ಲಿ ಸಾವಿರ ವರ್ಷಕ್ಕೂ ಹಿಂದಿನ ಶಿಲ್ಪಿಗಳು ಕುಣಿಯುವ ಶಿವನನ್ನು ಕೆತ್ತಿದ್ದಾರೆ, ಸುತ್ತ ಎಂಟು ದಿಕ್ಪಾಲಕರಿದ್ದಾರೆ. ಮಕ್ಕಳನ್ನು ಅಲ್ಲಿಗೆ ಕರೆದೊಯ್ದು ನೆಲದ ಮೇಲೆ ಮಲಗಿಸಿ ಮೇಲೆ ನೋಡಲು ಹೇಳುತ್ತೇನೆ. ಮಂಡಿಯ ಮಡಿಕೆ, ಸೊಂಟದ ತಿರುವು, ಕತ್ತಿನ ವಾಲಿಕೆ ಎಲ್ಲವೂ ಕಲ್ಲಿನಲ್ಲಿ ನಡೆಯುತ್ತಿವೆ. ನಮ್ಮ ಮೂಡಲಪಾಯ ಯಕ್ಷಗಾನದ ಗತ್ತು, ವೀರಗಾಸೆಯ ಜಿಗಿತ, ಸೋಮನ ಕುಣಿತದ ಆ ಭಾರವಾದ ತೂಗಾಟ ಇವೆಲ್ಲ ಸಮಕಾಲೀನ ಸಂಯೋಜಕರೊಬ್ಬರಿಗೆ ಸಿಕ್ಕರೆ ಎಂಥ ನಿಧಿ! ನಾನು ಕೇಳುತ್ತಿರುವ ಮಿಶ್ರ ಸಂಜೆಯಲ್ಲಿ ಪ್ಯಾರಿಸ್ಸಿನ ನಕಲು ಬೇಡ, ಬೇಕೆಂದರೂ ಆಗುವುದಿಲ್ಲ. ಬ್ಯಾಲಂಚೀನರ ಕೃತಿಗಳನ್ನು ಅವರ ಹೆಸರಿನ ಟ್ರಸ್ಟ್ ಕಾಯುತ್ತದೆ, ಅನುಮತಿಯಿಲ್ಲದೆ ಯಾರೂ ಆಡುವಂತಿಲ್ಲ. ಆದ್ದರಿಂದ ನಮ್ಮ ಕೃತಿಗಳನ್ನು ನಾವೇ ಕಟ್ಟಬೇಕು. ಒಂದು ಕೃತಿ ಬ್ಯಾಲೆ ಕಲಿತವರದು, ಒಂದು ಭರತನಾಟ್ಯದ ಬೇರಿನಿಂದ ಹುಟ್ಟಿದ್ದು, ಒಂದು ವೀರಗಾಸೆಯವರೂ ಸಮಕಾಲೀನ ನರ್ತಕರೂ ಕೂಡಿ ಮಾಡಿದ್ದು. ಹೀಗೆ ಸಾಗಲಿ.

ಇನ್ನು ಕಷ್ಟದ ಮಾತು. ‘ಕುಣಿಯಲಾರದವಳು ನೆಲ ಡೊಂಕು ಎಂದಳು’ ಎಂಬ ಗಾದೆಯನ್ನು ನನಗೆ ಎಷ್ಟೋ ಬಾರಿ ನೆನಪಿಸಿದ್ದಾರೆ. ಆದರೂ ನೆಲದ ಬಗ್ಗೆ ಹೇಳಲೇಬೇಕು, ಏಕೆಂದರೆ ನರ್ತಕರಿಗೆ ನೆಲವೇ ವಾದ್ಯ. ಒಂದು ಸಭಾಂಗಣದಲ್ಲಿ, ಯಾವುದೆಂಬುದು ಇಲ್ಲಿ ಮುಖ್ಯವಲ್ಲ, ಕಾಂಕ್ರೀಟಿನ ಮೇಲೆ ಹೊಳಪಿನ ಕಲ್ಲು ಹಾಸಿದ ವೇದಿಕೆಯಲ್ಲಿ ನನ್ನ ಶಿಷ್ಯೆಯೊಬ್ಬಳು ನೆಗೆದು ಇಳಿದಾಗ ಪಾದದ ಮೂಳೆ ಬಿರುಕು ಬಿಟ್ಟಿತು. ಐದು ತಿಂಗಳು ಮನೆಯಲ್ಲಿದ್ದಳು. ನೆಗೆದು ಇಳಿಯುವಾಗ ದೇಹದ ತೂಕದ ಎಷ್ಟೋ ಪಟ್ಟು ಹೊಡೆತ ಮೇಲಕ್ಕೆ ಬರುತ್ತದೆ. ನೆಲ ಅದರಲ್ಲಿ ಒಂದಿಷ್ಟನ್ನು ನುಂಗದಿದ್ದರೆ ಮೊಣಕಾಲು, ಕಣಕಾಲು, ಬೆನ್ನುಮೂಳೆ ಅಷ್ಟನ್ನೂ ನುಂಗಬೇಕು. ಅದಕ್ಕಾಗಿಯೇ ಬ್ಯಾಲೆಯವರು ಪುಟಿಯುವ ನೆಲ ಕಟ್ಟುತ್ತಾರೆ. ಕೆಳಗೆ ಮರದ ಪಟ್ಟಿಗಳನ್ನು ಅಡ್ಡಡ್ಡ ಜೋಡಿಸಿ ಅಥವಾ ರಬ್ಬರಿನಂಥ ಮೆತ್ತೆಗಳನ್ನಿಟ್ಟು, ಮೇಲೆ ಮರದ ಹಲಗೆ ಹಾಸಿ, ಅದರ ಮೇಲೆ ಜಾರದ ವಿನೈಲ್ ಹಾಸನ್ನು ಚಾಪೆಯಂತೆ ಬಿಡಿಸುತ್ತಾರೆ. ಆ ಹಾಸನ್ನು ಸುತ್ತಿ ಎತ್ತಿಡಬಹುದು. ಅದರ ಮೇಲೆ ಕುರ್ಚಿ ಎಳೆಯಬಾರದು, ಮೊಳೆ ಹೊಡೆಯಬಾರದು, ದೀಪದ ಎಣ್ಣೆ ಚೆಲ್ಲಬಾರದು. ಇಷ್ಟು ಜೋಪಾನ ಮಾಡಿದರೆ ಬಹಳ ವರ್ಷ ಬಾಳುತ್ತದೆ. ಬ್ಯಾಲೆಗೆ ಮಾತ್ರವಲ್ಲ, ಭರತನಾಟ್ಯಕ್ಕೆ, ಕಥಕ್ಕಿಗೆ, ಯಕ್ಷಗಾನಕ್ಕೆ, ಶಾಲೆಯ ಮಕ್ಕಳ ಕೋಲಾಟಕ್ಕೂ ಅದೇ ನೆಲ ಆಗುತ್ತದೆ. ಮೂವತ್ತು ವರ್ಷ ಸಿಮೆಂಟಿನ ಮೇಲೆ ತಟ್ಟುಮೆಟ್ಟು ಮಾಡಿದ ನನ್ನ ಮೊಣಕಾಲುಗಳು ಇದನ್ನು ನನಗಿಂತ ಚೆನ್ನಾಗಿ ಹೇಳಬಲ್ಲವು.

ಬೆಳಕಿನದೂ ಹೀಗೆಯೇ. ಭಾಷಣಕ್ಕೆ ಎದುರಿನಿಂದ ಬೆಳಕು ಸಾಕು, ಮುಖ ಕಂಡರೆ ಆಯಿತು. ನೃತ್ಯಕ್ಕೆ ಪಕ್ಕದಿಂದ ಬೆಳಕು ಬೇಕು, ಮೊಣಕಾಲಿನ ಎತ್ತರದಲ್ಲಿ, ಸೊಂಟದ ಎತ್ತರದಲ್ಲಿ, ತಲೆಯ ಎತ್ತರದಲ್ಲಿ. ಆಗ ಮಾತ್ರ ಮೈಗೆ ದುಂಡು ಬರುತ್ತದೆ. ಇಲ್ಲದಿದ್ದರೆ ಎಷ್ಟು ಸುಂದರವಾಗಿ ತಿರುಗಿದರೂ ಗೋಡೆಗೆ ಅಂಟಿಸಿದ ಚಿತ್ರದಂತೆ ಚಪ್ಪಟೆಯಾಗಿ ಕಾಣುತ್ತದೆ. ಎರಡೂ ಪಕ್ಕಗಳಲ್ಲಿ ನಿಲ್ಲಿಸಲು ಕೆಲವು ಕಬ್ಬಿಣದ ಕಂಬಗಳು, ಒಂದಿಷ್ಟು ದೀಪಗಳು. ಬೆಂಗಳೂರಿನಿಂದ ಬಾಡಿಗೆಗೆ ತರಬಹುದು.

ಕಾಯಿಸುವುದನ್ನೂ ನಿಲ್ಲಿಸಬೇಕು. ಇದನ್ನು ಬರೆಯುವಾಗ ನನ್ನ ಕೈ ಬಿಗಿಯಾಗುತ್ತದೆ. ಒಂದು ಸಮಾರಂಭಕ್ಕೆ ನಮ್ಮನ್ನು ಸಂಜೆ ನಾಲ್ಕಕ್ಕೆ ಕರೆದರು. ಮಕ್ಕಳು ಒಡವೆ, ಬಣ್ಣ, ಗೆಜ್ಜೆ ಎಲ್ಲ ತೊಟ್ಟು ಕುಳಿತರು. ಅತಿಥಿಗಳು ಬಂದದ್ದು ಏಳೂವರೆಗೆ. ಭಾಷಣಗಳು ಮುಗಿದದ್ದು ಒಂಬತ್ತೂಕಾಲಿಗೆ. ಸಭೆ ಖಾಲಿಯಾಗುತ್ತಿದ್ದಾಗ ನಿರೂಪಕರು “ಈಗ ಮಕ್ಕಳಿಂದ ನೃತ್ಯ, ಮೂರು ನಿಮಿಷದಲ್ಲಿ ಮುಗಿಸಿ” ಎಂದರು. ಒಂಬತ್ತು ವರ್ಷದ ಒಂದು ಮಗು ಬಣ್ಣದ ಮೇಲೆ ಕಣ್ಣೀರಿನ ಗೆರೆಯಿಟ್ಟುಕೊಂಡೇ ಕುಣಿಯಿತು, ಒಂದು ಹೆಜ್ಜೆಯನ್ನೂ ತಪ್ಪಲಿಲ್ಲ. ಐದು ಗಂಟೆ ಕೂತು ತಣ್ಣಗಾದ ಸ್ನಾಯು ಏಕಾಏಕಿ ನೆಗೆದರೆ ಹರಿಯುತ್ತದೆ. ನರ್ತಕರು ರಂಗಕ್ಕೆ ಬರುವ ಮುನ್ನ ಮುಕ್ಕಾಲು ಗಂಟೆಯಾದರೂ ಮೈ ಬಿಸಿ ಮಾಡಿಕೊಳ್ಳಬೇಕು. ಹೇಳಿದ ಸಮಯಕ್ಕೆ ಪರದೆ ಏಳುವುದು ಅವರ ದೇಹದ ಸುರಕ್ಷತೆಯ ವಿಷಯ, ಶಿಷ್ಟಾಚಾರದ ವಿಷಯವಷ್ಟೇ ಅಲ್ಲ.

ಹಾಗಾದರೆ ನಾನು ಕೇಳುತ್ತಿರುವುದೇನು? ವರ್ಷಕ್ಕೆ ಒಂದು ಸಂಜೆ. ಸಾಧ್ಯವಾದರೆ ಎರಡು, ಒಂದು ನಗರದಲ್ಲಿ, ಇನ್ನೊಂದು ತಿಪಟೂರು, ಕುಣಿಗಲ್, ಶಿರಾ ಹೀಗೆ ತಾಲ್ಲೂಕುಗಳಲ್ಲಿ ಸುತ್ತುತ್ತಾ. ನಾಲ್ಕು ಕೃತಿಗಳು, ಎಲ್ಲ ಸೇರಿ ಎರಡು ಗಂಟೆ ಮೀರದಂತೆ, ನಡುವೆ ಒಂದು ವಿರಾಮ. ನಾಲ್ಕರಲ್ಲಿ ಎರಡನ್ನಾದರೂ ಜಿಲ್ಲೆಯ ಹೊಸಬರಿಗೆ ಮೀಸಲಿಡಿ. ಒಂದನ್ನು ರಾಜ್ಯದ ಹಿರಿಯ ಕಲಾವಿದರಿಗೆ ಕೊಡಿ. ಉಳಿದ ಒಂದು ಇಬ್ಬರೂ ಕೂಡಿ ಮಾಡುವ ಹೊಸ ಕೃತಿಯಾಗಲಿ, ಅದಕ್ಕಾಗಿ ಹಿರಿಯರು ಎರಡು ವಾರ ಇಲ್ಲಿಯೇ ಉಳಿದು ಮಕ್ಕಳ ಜೊತೆ ಕೆಲಸ ಮಾಡಲಿ. ಈ ಕೊನೆಯದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ. ಹಣ ಸಾಲದಿದ್ದರೆ ಹೂವಿನ ಅಲಂಕಾರ ಬಿಡಿ, ಶಾಲು ಹಾರ ಬಿಡಿ, ನೆನಪಿನ ಕಾಣಿಕೆ ಬಿಡಿ, ಈ ಎರಡು ವಾರವನ್ನು ಮಾತ್ರ ಬಿಡಬೇಡಿ.

ಬಹುಮಾನ ಬೇಡ. ಕುಣಿದ ಪ್ರತಿಯೊಬ್ಬರಿಗೂ ಸಂಭಾವನೆ ಇರಲಿ, ಹೊಸಬರಿಗೂ. ಮೊದಲ ಸಂಭಾವನೆಯ ಲಕೋಟೆ ಮನೆಗೆ ಹೋದ ದಿನ ಅಪ್ಪ ಅಮ್ಮ ಮಗಳ ನೃತ್ಯವನ್ನು ನೋಡುವ ರೀತಿಯೇ ಬದಲಾಗುತ್ತದೆ. ಕರಪತ್ರದಲ್ಲಿ ಸಂಯೋಜಕರ, ನರ್ತಕರ, ಬೆಳಕಿನವರ ಹೆಸರುಗಳು ಅತಿಥಿಗಳ ಹೆಸರಿಗಿಂತ ಮೊದಲು ಬರಲಿ. ಉದ್ಘಾಟನೆ ಬೇಕೇ ಬೇಕೆಂದಾದರೆ ಹತ್ತು ನಿಮಿಷ. ಹುಡುಗರನ್ನು ಮರೆಯಬೇಡಿ. ನನ್ನ ತರಗತಿಗೆ ಬರುವ ಮೂವರು ಹುಡುಗರಲ್ಲಿ ಇಬ್ಬರು ಗೆಳೆಯರಿಗೆ ಹೇಳದೆ ಬರುತ್ತಾರೆ. ರಂಗದ ಮೇಲೆ ಒಬ್ಬ ಗಂಡಸು ಗೌರವದಿಂದ ಕುಣಿಯುವುದನ್ನು ಊರು ಒಮ್ಮೆ ಕಂಡರೆ ಅವರ ಸಂಕೋಚ ಎಷ್ಟೋ ಕಡಿಮೆಯಾಗುತ್ತದೆ.

ಪ್ರೇಕ್ಷಕರು ಬರುತ್ತಾರೆಯೇ ಎಂಬ ಅನುಮಾನ ನಿಮಗೆ ಇರಬಹುದು, ಅದು ಸಹಜ. ಮೊದಲ ವರ್ಷ ಅರ್ಧ ಸಭಾಂಗಣ ಖಾಲಿ ಇದ್ದೀತು. ಶಾಲೆಗಳಿಗೆ, ಕಾಲೇಜುಗಳಿಗೆ, ಸಿದ್ಧಗಂಗೆಯ ವಿದ್ಯಾರ್ಥಿನಿಲಯದ ಮಕ್ಕಳಿಗೆ ಹಿಂದಿನ ದಿನದ ಪೂರ್ಣ ತಾಲೀಮನ್ನು ತೆರೆದಿಡಿ. ತಾಲೀಮು ನೋಡಿದ ಮಗು ಮರುದಿನ ಮನೆಯವರನ್ನು ಕರೆತರುತ್ತದೆ. ನಮ್ಮ ಜನ ಸೋಮನ ಕುಣಿತಕ್ಕೆ ಇಡೀ ರಾತ್ರಿ ನಿಲ್ಲುವವರು, ಇಪ್ಪತ್ತು ನಿಮಿಷದ ಮೌನಕ್ಕೆ ಹೆದರುವವರಲ್ಲ.

ಊರಿನ ನೃತ್ಯ ಗುರುಗಳಲ್ಲಿ ಒಂದು ವಿನಂತಿ. ನಾವು ಒಬ್ಬರ ಶಿಷ್ಯರನ್ನು ಇನ್ನೊಬ್ಬರ ಕಾರ್ಯಕ್ರಮಕ್ಕೆ ಕಳುಹಿಸಲು ಹಿಂಜರಿಯುತ್ತೇವೆ. ನಾನೂ ಹಿಂಜರಿದಿದ್ದೇನೆ, ಅದು ತಪ್ಪು ಎಂದು ಈಗ ತಿಳಿದಿದೆ. ಈ ಸಂಜೆ ನಡೆಯುವುದಾದರೆ ನನ್ನ ಹೆಸರು ಕರಪತ್ರದಲ್ಲಿ ಇಲ್ಲದಿದ್ದರೂ ನನ್ನ ಮಕ್ಕಳು ಬೇರೆ ಯಾವ ಗುರುಗಳ ಕೃತಿಯಲ್ಲಾದರೂ ಕುಣಿಯುತ್ತಾರೆ. ತಾಲೀಮಿಗೆ ನಮ್ಮ ಮನೆಯ ಮಹಡಿಯ ಕೋಣೆ ಬೆಳಿಗ್ಗೆ ಆರರಿಂದ ಹತ್ತರವರೆಗೆ ಖಾಲಿಯಿದೆ. ನಾನು ಹಿಂದೆ ಹೇಳಿದ ಹುಡುಗಿ, ರಂಗಪ್ರವೇಶದ ಮರುದಿನ ಪ್ರಶ್ನೆ ಕೇಳಿದವಳು, ಹದಿನೆಂಟು ನಿಮಿಷದ ಒಂದು ಕೃತಿಯನ್ನು ಆ ಕೋಣೆಯಲ್ಲಿ ಕಟ್ಟಲು ಆಗಲೇ ಶುರು ಮಾಡಿದ್ದಾಳೆ. ಅರಳಗುಪ್ಪೆಯ ಛಾವಣಿಯನ್ನು ನೆಲದ ಮೇಲೆ ಮಲಗಿ ನೋಡಿದ ಮಗುವಿನ ಕಣ್ಣಿನಿಂದ ಆ ಕೃತಿ ಆರಂಭವಾಗುತ್ತದೆ. ಬಸ್ಸಿನಲ್ಲಿ ಮಾತಾಡಿದ ಹುಡುಗನೂ ಅದರಲ್ಲಿದ್ದಾನೆ. ಅವನು ಎರಡು ನಿಮಿಷ ಏನೂ ಮಾಡದೆ ನಿಲ್ಲುತ್ತಾನೆ.

ಮೊದಲ ಹೆಜ್ಜೆಯಾಗಿ ಒಂದೇ ಒಂದು ಕೆಲಸ ಮಾಡಿಕೊಡಿ. ರಂಗಮಂದಿರದ ವೇದಿಕೆಯ ಉದ್ದ, ಅಗಲ, ಪಕ್ಕದ ಪರದೆಗಳ ಅಂತರ, ನೆಲದ ಏರುತಗ್ಗು ಇವನ್ನು ಅಳೆದುಕೊಳ್ಳಲು ನಮಗೆ ಒಂದು ಬೆಳಿಗ್ಗೆ ಬಾಗಿಲು ತೆರೆಸಿ. ಅಳತೆ ಪಟ್ಟಿಯನ್ನು ನಾನೇ ತರುತ್ತೇನೆ, ಹಿಡಿದುಕೊಳ್ಳಲು ಮಕ್ಕಳಿದ್ದಾರೆ.

ಇಂತಿ ನಿಮ್ಮ ವಿಶ್ವಾಸಿ,
ನೃತ್ಯ ಶಿಕ್ಷಕಿ, ತುಮಕೂರು